ಅಡುಗೆಮನೆಯ ತಾತ್ಕಾಲಿಕ ನೆಲ

ಸುಪೀರಿಯರ್, ವಿಸ್ಕಾನ್ಸಿನ್
ನವೆಂಬರ್ 9, 1994

ಪ್ರೀತಿಯ ಎಲ್ಡನ್,

ಮೊಣಕಾಲು ಹೇಗಿದೆ? ಸರೋವರದಲ್ಲಿ ಗಾಳಿ ಎದ್ದಿದೆ ಎಂದು ರೇಡಿಯೊದಲ್ಲಿ ಹೇಳಿದಾಗಲೆಲ್ಲ ನನಗೆ ಹಡಗಿಗಿಂತ ಮೊದಲು ಅದರ ಕಬ್ಬಿಣದ ಏಣಿಗಳೂ ನಿನ್ನ ಮೊಣಕಾಲೂ ನೆನಪಾಗುತ್ತವೆ. ಇದರ ಜೊತೆ ಉಣ್ಣೆಯ ಕಾಲುಚೀಲ ಇಟ್ಟಿದ್ದೇನೆ. ಡೆಟ್ರಾಯಿಟ್ ಬಳಿ ಅಂಚೆ ದೋಣಿ ನಿಮ್ಮ ಹಡಗಿನ ಪಕ್ಕಕ್ಕೆ ಬಂದಾಗ ಸಿಗುತ್ತದೆ. ನೀನೇ ಹಾಕಿಕೋ, ಜೊತೆಯವರಿಗೆ ದಾನ ಮಾಡಬೇಡ. ನಿನ್ನ ಮಗಳು ಬ್ರಿಟ್ಟಾಗೆ ಮುಂದಿನ ಹಲ್ಲು ಬಿದ್ದಿದೆ, ಮಾತು ಮಾತ್ರ ಎರಡರಷ್ಟಾಗಿದೆ. ನಿನ್ನ ಅಪ್ಪ ಸದ್ಯಕ್ಕೆ ನಮ್ಮಲ್ಲೇ ಇದ್ದಾರೆ. ಅವರ ಮನೆಯ ಮೆಟ್ಟಿಲು ಹತ್ತುವುದು ಕಷ್ಟವಾಗಿದೆ, ಆಮ್ಲಜನಕದ ಸಿಲಿಂಡರ್ ಬೇರೆ ಎಳೆದುಕೊಂಡು ಓಡಾಡಬೇಕಲ್ಲ. ಹಿಂದಿನ ಕೋಣೆ ಅವರಿಗೆ ಬಿಟ್ಟುಕೊಟ್ಟಿದ್ದೇನೆ.

ಈಗ ಹೇಳುವುದನ್ನು ಕೇಳಿ ಸಿಟ್ಟಾಗಬೇಡ. ಅಡುಗೆಮನೆಯ ನೆಲದ ಮೇಲೆ ಹಾಸು ಹಾಕಿಸಿದೆ. ಹಳೆಯ ಟೈಲ್ಸ್ ಕಿತ್ತಿಲ್ಲ, ಮುಚ್ಚಿದ್ದೇನೆ, ಅಷ್ಟೇ. ಅಂಗಡಿಯಲ್ಲಿ ಯಾರೋ ಬೇಡವೆಂದು ಬಿಟ್ಟುಹೋದ ವಿನೈಲ್ ಸುರುಳಿ ಸಿಕ್ಕಿತು, ಬೂದು ಬಣ್ಣ, ನೋಡಲು ಏನೂ ಚೆನ್ನಾಗಿಲ್ಲ. ನಾವು ಮೂವರು ಎರಡು ಸಲ ಹೊರಗೆ ಊಟ ಮಾಡುವ ದುಡ್ಡಿನಲ್ಲಿ ಇಡೀ ಅಡುಗೆಮನೆ ಮುಗಿಯಿತು. ಮೇ ತಿಂಗಳಲ್ಲಿ ಆ ಟೈಲ್ಸಿನ ಆಸ್ಬೆಸ್ಟಾಸ್ ತೆಗೆಯುವವರು ಮುಖಕ್ಕೆ ಕವಚ ಹಾಕಿಕೊಂಡು ಬರುತ್ತಾರೆ. ಆಮೇಲೆ ಹೊಸ ಅಡುಗೆಮನೆಯನ್ನು ನಿನಗೆ ಬೇಕಾದ ಹಾಗೆ ಕಟ್ಟು, ನಾನು ಉಸಿರೆತ್ತುವುದಿಲ್ಲ.

ನನ್ನ ಅಣ್ಣ ಡೇಲ್‌ನನ್ನು ಸಹಾಯಕ್ಕೆ ಕರೆದೆ. ಅವನು ಪ್ಲೈವುಡ್, ಮೊಳೆ, ಸುತ್ತಿಗೆ ಎಲ್ಲ ಹೊತ್ತುಕೊಂಡೇ ಬಂದ. ಮೊದಲ ಮೊಳೆಯನ್ನು ನೆಲಕ್ಕಿಟ್ಟು ಕೈ ಎತ್ತಿದಾಗ ನಾನು ಹೋಗಿ ಆ ಜಾಗದ ಮೇಲೆ ನಿಂತುಬಿಟ್ಟೆ. ಮೊಳೆ ಹೊಡೆದರೆ ಟೈಲ್ಸ್ ಒಡೆಯುತ್ತದೆ, ಒಡೆದರೆ ಪುಡಿ ಏಳುತ್ತದೆ, ಮುಚ್ಚಿಯೂ ಏನು ಬಂತು? ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿ, ಎದ್ದ ಮೂಲೆಗಳಿಗೆ ಟೇಪ್ ಅಂಟಿಸಿ, ಸುರುಳಿಯನ್ನು ಸುಮ್ಮನೆ ಬಿಡಿಸಿ ಹಾಸಿದೆವು. ಅಂಚಿಗೆ ಮಾತ್ರ ಟೇಪು. ನಿನ್ನ ಅಪ್ಪ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆ ಮಾಡಿದರು. ಈ ಮನೆ ಅವರದಾಗಿದ್ದಾಗ, ನೀನು ಹುಟ್ಟಿದ ವರ್ಷ, ಆ ಟೈಲ್ಸ್ ಹಾಸಿದವರು ಅವರೇ ತಾನೆ. ಡೇಲ್ ಅಳತೆ ತಪ್ಪಿದಾಗ, "ಬಿಡಪ್ಪಾ, ನಿನ್ನ ಕೈಲಿ ಬ್ರೆಡ್‌ಗೆ ಬೆಣ್ಣೆ ಸವರೋಕೂ ಆಗಲ್ಲ" ಎಂದರು. ಡೇಲ್ ಅಂದಿನಿಂದ ಮುಖ ಊದಿಸಿಕೊಂಡಿದ್ದಾನೆ, ಆದರೂ ಏಲಕ್ಕಿ ಬ್ರೆಡ್ ತಿನ್ನಲು ದಿನಾ ಬರುತ್ತಾನೆ.

ನಾನೇಕೆ ಅವಸರ ಮಾಡಿದೆ ಎಂದು ನಿನಗೆ ಗೊತ್ತಿರಬೇಕು. ಪ್ರತಿ ಜನವರಿ ಸರೋವರ ಹೆಪ್ಪುಗಟ್ಟಿ ಹಡಗನ್ನು ದಡಕ್ಕೆ ಕಟ್ಟಿದ ಕೂಡಲೇ ನೀನು ಮನೆಗೆ ಬರುತ್ತೀಯ, ಚೀಲವನ್ನೂ ಬಿಚ್ಚುವುದಿಲ್ಲ, ಸುತ್ತಿಗೆ ಹಿಡಿಯುತ್ತೀಯ. ಹೋದ ವರ್ಷ ಬಚ್ಚಲು, ಅದರ ಹಿಂದಿನ ವರ್ಷ ಮೆಟ್ಟಿಲು. ಈ ಸಲ ಅಡುಗೆಮನೆಯ ನೆಲ ಕೆರೆದು ತೆಗೆಯುತ್ತೇನೆ ಎಂದು ನೀನು ಬರೆದಿದ್ದೆ. ಚಳಿಗೆ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಬಿಗಿದು ಕೂತ ಮನೆಯಲ್ಲಿ ಆ ಪುಡಿ ಎಲ್ಲಿಗೆ ಹೋಗುತ್ತದೆ ಎಲ್ಡನ್? ಬ್ರಿಟ್ಟಾಳ ಮೂಗಿಗೆ, ನಿನ್ನ ಮೂಗಿಗೆ. ಹಡಗು ಕಾರ್ಖಾನೆಯಲ್ಲಿ ಹಬೆಯ ಕೊಳವೆಗಳಿಗೆ ಅದೇ ಆಸ್ಬೆಸ್ಟಾಸ್ ಸುತ್ತಿ ಸುತ್ತಿ ನಿನ್ನ ಅಪ್ಪ ಹೀಗಾದರು. ಅವರು ಕೆಮ್ಮುವಾಗ ನಾನು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕಾಯುತ್ತೇನೆ. ನನಗೆ ಭಯವಾಗುತ್ತದೆ.

ನೀವು ಹಾಸಿದ ನೆಲ ಮುಚ್ಚಿದ್ದಕ್ಕೆ ಬೇಜಾರಾಯಿತೇ ಎಂದು ಅವರನ್ನು ಕೇಳಿದೆ. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು ಹೇಳಿದರು: "ನೆಲ ಹೋದ್ರೆ ಹೋಗ್ಲಿ ಕಣಮ್ಮಾ. ನನ್ನ ಮಗ ಮಾತ್ರ ನನ್ ತರ ಕೆಮ್ಮೋದು ಬೇಡ." ನೀವಿಬ್ಬರೂ ಒಬ್ಬರಿಗೊಬ್ಬರು ಇಂಥ ಮಾತು ಆಡುವವರಲ್ಲ, ಅದಕ್ಕೇ ನಾನು ಬರೆದು ಕಳಿಸುತ್ತಿದ್ದೇನೆ.

ಬ್ರಿಟ್ಟಾ ಹೊಸ ನೆಲದ ಮೇಲೆ ಕಾಲುಚೀಲದಲ್ಲಿ ಜಾರುತ್ತಾ ನಿನಗೆ ಮುತ್ತು ಕಳಿಸಿದ್ದಾಳೆ. ಡೇಲ್ ನೀನು ಹೇಗಿದ್ದೀಯ ಎಂದು ಕೇಳಿದ. ಬೆಚ್ಚಗಿರು, ಹೊಟ್ಟೆ ತುಂಬ ತಿನ್ನು, ಡೆಕ್ಕಿನ ಮೇಲೆ ನೋಡಿ ಕಾಲಿಡು.

ನಿನ್ನ
ಕಾರ್ಲೀನ್

ಮರೆತ ಮಾತು: ಮರೆತಿರಲಿಲ್ಲ. ಪತ್ರದಲ್ಲಿ ಬರೆಯುವುದಿಲ್ಲ ಎಂದು ನಿನ್ನ ಅಪ್ಪನಿಗೆ ಮಾತು ಕೊಟ್ಟಿದ್ದೆ. ಸಹಿ ಹಾಕಿದ ಮೇಲೆ ಬರೆದದ್ದು ಪತ್ರವಲ್ಲ ಎಂದುಕೊಳ್ಳುತ್ತೇನೆ. ಅವರು ಇಲ್ಲಿಗೆ ಬಂದಿರುವುದು ಮೆಟ್ಟಿಲಿಗಾಗಿ ಅಲ್ಲ. ಮೇ ತನಕ ಕಾಯೋಣವೇ ಎಂದು ನಾನು ನೆಲದ ವಿಷಯಕ್ಕೆ ಕೇಳಿದಾಗ ಡಾಕ್ಟರು, ಅಷ್ಟು ದೂರ ಯೋಚಿಸಬೇಡಮ್ಮಾ, ಕ್ರಿಸ್‌ಮಸ್ ತನಕ ಇದ್ದರೆ ದೊಡ್ಡದು ಎಂದರು. ಅವರ ಸಿಲಿಂಡರಿನ ಗಾಲಿ ಒಡಕು ಟೈಲ್ಸಿಗೆ ಸಿಕ್ಕಿಕೊಳ್ಳುತ್ತಿತ್ತು. ನಾನು ಹಾಸಿದ್ದು ಮೊದಲು ಅದಕ್ಕೆ. ಜನವರಿಯಲ್ಲಿ ಹಡಗು ದಡಕ್ಕೆ ಕಟ್ಟುವ ತನಕ ಕಾಯಬೇಡ. ಕ್ಯಾಪ್ಟನ್‌ಗೆ ಹೇಳಿ ಮುಂದಿನ ಬಂದರಿನಲ್ಲೇ ಇಳಿದು ಬಸ್ಸು ಹತ್ತು. ಸಂಜೆಯಾದರೆ ಅವರು ಬಾಗಿಲಿಗೆ ಮುಖಮಾಡಿ ಕೂರುತ್ತಾರೆ, ಯಾಕೆಂದು ಕೇಳಿದರೆ ಸೆಖೆ ಅನ್ನುತ್ತಾರೆ.