ಉಸಿರು ತೆಗೆದ ಹಾಡು

ಮಾರ್ಚ್ ೧೨, ಭಾನುವಾರ

ಪ್ರೀತಿಯ ಗುಂಗುರೂ,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಮೂರು ವಾರವಾಯಿತು, ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಲಾಂಡ್ರಿಯಲ್ಲಿ ಕೆಲಸ ಹೆಚ್ಚಿತ್ತು ಎಂದು ಬರೆಯಬಹುದಿತ್ತು. ಸುಳ್ಳಾಗುತ್ತದೆ. ಬರೆಯಲು ಕೂತಾಗಲೆಲ್ಲ ಸಿಟ್ಟು ನೆತ್ತಿಗೇರುತ್ತಿತ್ತು, ಅಷ್ಟೇ.

ಅಮ್ಮನ ಮಂಡಿನೋವು ಕಡಿಮೆಯಾಗಿದೆ. ನೀನು ಸೌಂಡ್ ಎಂಜಿನಿಯರಿಂಗ್ ಓದುತ್ತಿದ್ದೀಯ ಎಂದು ಕಂಡಕಂಡವರಿಗೆಲ್ಲ ಹೇಳುತ್ತಾಳೆ. ಪಕ್ಕದ ಮನೆಯವರು ತಮ್ಮ ಕೆಟ್ಟ ರೇಡಿಯೋ ತಂದಿಟ್ಟು ಹೋಗಿದ್ದಾರೆ, ನೀನು ಬಂದಾಗ ರಿಪೇರಿ ಮಾಡಬೇಕಂತೆ.

ರಜೆಯಲ್ಲಿ ನೀನು ಮೈಕು ಹಿಡಿದು ಲಾಂಡ್ರಿಗೇ ಬಂದಿದ್ದೆಯಲ್ಲ. "ಅಕ್ಕಾ, ಚಿಕ್ಕವಳಿದ್ದಾಗ ನಾನು ಅತ್ರೆ ನೀನು ಒಂದು ಹಾಡು ಹೇಳ್ತಿದ್ದೆಯಲ್ಲ, ಅದನ್ನ ಹಾಡು" ಎಂದು ದುಂಬಾಲು ಬಿದ್ದೆ. ಇಡೀ ದಿನ ಹಬೆ ಕುಡಿದು ನನ್ನ ಗಂಟಲು ಕಟ್ಟಿತ್ತು. ನೀರು ಕುಡಿದು ಬರುತ್ತೇನೆ ಎಂದರೂ ನೀನು ಬಿಡಲಿಲ್ಲ. "ಬೇಡ, ಹೀಗೇ ಚೆನ್ನಾಗಿದೆ" ಅಂದೆ. ಮೂರು ಸಲ ಹಾಡಿಸಿ, ಶ್ರುತಿ ತಪ್ಪಿದ ಮೊದಲನೆಯದನ್ನೇ ಇಟ್ಟುಕೊಂಡೆ. ತಂಗಿಗೆ ನನ್ನ ದನಿ ಬೇಕಾಗಿದೆ ಎಂದು ನಾನೋ ಹಿಗ್ಗಿ ಹೀರೇಕಾಯಿಯಾಗಿದ್ದೆ.

ಹೋದ ತಿಂಗಳು ನಿಮ್ಮ ಕಾಲೇಜಿನ ಪ್ರದರ್ಶನಕ್ಕೆ ನಾನು ಬಂದಿದ್ದೆ. ನಿನಗೆ ಗೊತ್ತಿಲ್ಲ. ಹೇಳದೆ ಬಂದರೆ ಖುಷಿಪಡುತ್ತೀಯ ಎಂದುಕೊಂಡಿದ್ದೆ. ನೀನು ಮೇಷ್ಟ್ರನ್ನು ಕರೆಯಲು ಹೋಗಿದ್ದೆಯಂತೆ. ನಿನ್ನ ಮೇಜಿನ ಹತ್ತಿರವಿದ್ದ ಗೆಳತಿ ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, "ಮೇಡಂ, ಈ ಬಟನ್ ತಿದ್ದೋಕೆ ಮುಂಚಿನದು, ಇದು ತಿದ್ದಿದ ಮೇಲಿನದು. ಮುಂಚಿನದು ಎಷ್ಟು ಕೆಟ್ಟದಾಗಿದೆ ಕೇಳಿ. ಇಂಥ ದನಿನೇ ಬೇಕು ಅಂತ ಹುಡುಕಿ ಹುಡುಕಿ ತಂದಿದಾಳೆ" ಎಂದಳು.

ಎರಡನೆಯದನ್ನೂ ಕೇಳಿದೆ. ಶ್ರುತಿ ಸರಿಯಾಗಿತ್ತು. ಇಸ್ತ್ರಿಪೆಟ್ಟಿಗೆಯ ಬುಸ್ಸೆನ್ನುವ ಸದ್ದು ಹೋಗಿತ್ತು. ಸಾಲುಗಳ ನಡುವೆ ನಾನು ಎಳೆದುಕೊಂಡ ಉಸಿರನ್ನೂ ನೀನು ಕತ್ತರಿಸಿದ್ದೆ. "ಉಸಿರು ತೆಗೆಯೋದೇ ಕಷ್ಟದ ಕೆಲಸ ಮೇಡಂ" ಎಂದಳು ಆ ಹುಡುಗಿ. ಸತ್ತವಳು ಹಾಡಿದ ಹಾಗಿತ್ತು. "ಚೆನ್ನಾಗಿ ತೆಗೆದಿದಾಳೆ" ಎಂದು ಹೇಳಿ ಬಸ್ಸು ಹತ್ತಿದೆ. ನಾನು ಕೆಟ್ಟದಾಗಿ ಹಾಡಿದ್ದು ನಿಜ. ಕೆಟ್ಟ ದನಿ ಬೇಕೆಂದು ಬಾಯಿಬಿಟ್ಟು ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆನೇ? ಇನ್ನೂ ಕೆಟ್ಟದಾಗಿ ಹಾಡಿಕೊಡುತ್ತಿದ್ದೆ.

ನೀನು ಕಳಿಸಿದ ಒಪ್ಪಿಗೆ ಪತ್ರ ಇದರ ಜೊತೆಗಿದೆ. ಹಾಡಿದವರ ಸಹಿ ಇಲ್ಲದಿದ್ದರೆ ಫಲಿತಾಂಶ ತಡೆಹಿಡಿಯುತ್ತಾರೆ ಎಂದು ಬರೆದಿದ್ದೀಯ. ಹರಿದುಹಾಕೋಣವೆಂದು ಎರಡು ಸಲ ಕೈಗೆತ್ತಿಕೊಂಡೆ. ಕೊನೆಗೆ ಸಹಿ ಹಾಕಿದ್ದೇನೆ. ಪಾಸಾಗು. ಒಳ್ಳೆಯ ಕಡೆ ಕೆಲಸ ಸಿಗಲಿ, ಕಿವಿ ಚುರುಕಾಗಿರಲಿ, ಹೊಟ್ಟೆ ತಣ್ಣಗಿರಲಿ.

ಇಂತಿ,
ನಿನ್ನ ಅಕ್ಕ

ವಿ.ಸೂ.: ಆ ಪತ್ರದಲ್ಲಿ 'ಹಾಡಿದವರಿಗೂ ವಿದ್ಯಾರ್ಥಿಗೂ ಇರುವ ಸಂಬಂಧ' ಎಂಬ ಕಡೆ ನೀನೇ 'ಏನೂ ಇಲ್ಲ' ಎಂದು ತುಂಬಿ ಕಳಿಸಿದ್ದೀಯ. ಅದನ್ನು ಹೊಡೆದುಹಾಕಿ 'ಅಕ್ಕ' ಎಂದು ಬರೆಯಲು ಪೆನ್ನು ಹಿಡಿದೆ. ತಿದ್ದಿದ ಪತ್ರವನ್ನು ಸ್ವೀಕರಿಸುವುದಿಲ್ಲ ಎಂದು ಕೆಳಗೆ ಅಚ್ಚಾಗಿತ್ತು. ಅದಕ್ಕೇ ಹಾಗೇ ಬಿಟ್ಟಿದ್ದೇನೆ.