ಹತ್ತು ಸಲ ಮೇಲಕ್ಕೆ

ಸೆಪ್ಟೆಂಬರ್ 9, ಮಂಗಳವಾರ. ಬೆಳಿಗ್ಗೆ 8

ಹೋಟೆಲಿನಲ್ಲಿ ಕಾಫಿ, ಪುಕ್ಕಟೆ ಪೇಪರ್. ಮನೆಗೆ ಬಂದರೆ ತಂಗಿ ಪ್ರೇಮ ಆಗಲೇ ಗೊಂಬೆಗೆ ಬಣ್ಣ ಬಳಿಯುತ್ತ ಕೂತಿದ್ದಾಳೆ. ಮೂವತ್ತು ವರ್ಷದ ಕೆಲಸ. ನಮ್ಮ ಬೀದಿಯವರು ಬಿಟ್ಟರೆ ಯಾರೂ ನೋಡಿಲ್ಲ.

ಈಗ ನೋಡುತ್ತಾರೆ! ಜಯಲಕ್ಷ್ಮಿಪುರಂನ ಭಾನುಮತಿ ಮೇಡಂ ದಸರೆಗೆ ಗೊಂಬೆ ಪ್ರದರ್ಶನ ಇಡುತ್ತಾರಂತೆ. ಶನಿವಾರ ನಮ್ಮ ವೆಬ್‌ಸೈಟ್ ನೋಡುತ್ತಾರೆ. ಹಿಡಿಸಿದರೆ ಪ್ರೇಮಳ ಗೊಂಬೆಗಳಿಗೆ ಅಲ್ಲಿ ಜಾಗ.

ಸೈಟ್ ಮಾಡಿದ್ದು ಪ್ರೇಮಳ ಮಗಳು ಹರ್ಷಿತಾ. ಪೂರಾ ಇಂಗ್ಲಿಷ್. ಪಟ್ಟದ ಗೊಂಬೆಗೆ ಇಂಗ್ಲಿಷ್ ಯಾಕೆ? ಅವಳು ಕಾಲೇಜಿನವರ ಜೊತೆ ಹಂಪಿಗೆ ಹೋಗಿದ್ದಾಳೆ. ಲ್ಯಾಪ್‌ಟಾಪ್ ಇಲ್ಲೇ ಇದೆ. ಪಾಸ್‌ವರ್ಡ್ ಬೆಕ್ಕಿನ ಹೆಸರು... ಏಳನೇ ಕ್ಲಾಸಿನಲ್ಲಿ ಊರಿನ ಶಾಲೆಗೇ ಫಸ್ಟ್ ಬಂದವನು ನಾನು. ಕ್ಲಾಸಿನಲ್ಲಿ ಇದ್ದದ್ದು ಮೂವರು, ಅದು ಬೇರೆ ವಿಷಯ.

ಸೆ. 10, ಬುಧವಾರ

ಮುಗೀತು! ‘ಕನ್ನಡ’ ಅಂತ ಹೊಸ ಫೋಲ್ಡರ್. ಅವಳ ಪುಟದ ಕಾಪಿ ಅದರೊಳಗೆ. ಮಾತೆಲ್ಲ ಕನ್ನಡ ಮಾಡಿದೆ. ಕೊನೆಗೆ ನಮ್ಮ ಮನೆಗೆ ದಾರಿಯನ್ನೂ ಬರೆದೆ — ಅಲ್ಲಿಂದ ಎಡಕ್ಕೆ, ಮತ್ತೆ ಎಡಕ್ಕೆ, ಮೂರನೇ ಮನೆ. ಮತ್ತೆ ತೆಗೆದು ನೋಡುವುದೇನು, ಲಿಂಕ್ ಮೇಡಂಗೆ ವಾಟ್ಸಾಪ್‌ನಲ್ಲಿ ಹೋಯಿತು. ಹೋಟೆಲಿನಲ್ಲಿ ಎಲ್ಲರಿಗೂ ಹೇಳಿಯೂ ಆಯಿತು.

ಸೆ. 12, ಶುಕ್ರವಾರ. ಮಧ್ಯಾಹ್ನ 3

ಹೋಟೆಲಿನಲ್ಲಿ ದಿನಾ ಜೊತೆಗೆ ಕೂರುವ ಸಿದ್ದೇಶನಿಗೆ ತೋರಿಸೋಣ ಅಂತ ತೆಗೆದರೆ... ಗೊಂಬೆಗಳೇ ಇಲ್ಲ. ಫೋಟೋ ಇದ್ದ ಕಡೆಯೆಲ್ಲ ಹರಿದ ಕಾಗದದ ಚಿತ್ರ. ಅವನು, ಏನ್ ಬೀರಯ್ಯ, ಗೊಂಬೆ ಎಲ್ಲಾ ಹಂಪಿಗೋದ್ವಾ, ಅಂದ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ. ಪ್ರೇಮಳಿಗೆ ಹೇಳಿಲ್ಲ. ನಾಳೆ ಶನಿವಾರ.

ಹರ್ಷಿತಾಗೆ ಫೋನ್. ಮೊದಲು ಬೈಗುಳ, ಆಮೇಲೆ ಪಾಠ.

“ಮಾವ, ಫೋಟೋಗೆ ಪೂರಾ ವಿಳಾಸ ಬರ್ದಿಲ್ಲ ನಾನು. ಪುಟದ ಪಕ್ಕದ ಫೋಲ್ಡರ್‌ನಲ್ಲಿದೆ ಅಂತ ಅಷ್ಟೇ ಬರ್ದಿದೀನಿ. ನೀವು ಪುಟನ ಒಳಗಡೆ ಇಟ್ಬುಟ್ರಿ. ಬ್ರೌಸರ್ ಅಲ್ಲೇ ಪಕ್ಕದಲ್ಲಿ ಹುಡುಕ್ತಾ ಇದೆ.”

ಪುಟ ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಲೆಕ್ಕವಂತೆ. ಎರಡು ಚುಕ್ಕಿ, ಒಂದು ಓರೆಗೆರೆ ಹಾಕಿದರೆ ಒಂದು ಮೆಟ್ಟಿಲು ಮೇಲೆ ಹೋಗಿ ಹುಡುಕುತ್ತದಂತೆ. ಎಷ್ಟು ಸಲ ಹಾಕಲಿ ಅಂದೆ. ಸಿಗ್ನಲ್ ಹೋಯಿತು.

ಅದೇ ದಿನ, ಸಂಜೆ 6

ಎಷ್ಟು ಅಂತ ಯಾರಿಗೆ ಗೊತ್ತು? ಇರಲಿ ಅಂತ ಹತ್ತು ಸಲ ಹಾಕಿದೆ. ಪ್ರತಿ ಫೋಟೋಗೂ ಹತ್ತು ಹತ್ತು!

ಬಂದವು. ರಾಜ, ರಾಣಿ, ಶೆಟ್ಟರು, ಶೆಟ್ಟರ ಹೆಂಡತಿ — ಎಲ್ಲರೂ! ಪ್ರೇಮಳನ್ನು ಕರೆದು ತೋರಿಸಿದೆ. ಕೈಗೆ ಬಣ್ಣ ಅಂತ ಮೊಣಕೈಯಿಂದ ಕಣ್ಣು ಒರೆಸಿಕೊಂಡಳು. ಸಿದ್ದೇಶನಿಗೂ ಲಿಂಕ್ ಕಳಿಸಿದೆ. ನೋಡಿ ಹೊಟ್ಟೆ ಉರಿದುಕೊಳ್ಳಲಿ.

ಸೆ. 13, ಶನಿವಾರ. ಬೆಳಿಗ್ಗೆ 10

ಹರ್ಷಿತಾ ಬಂದಳು. ನನ್ನ ಕೆಲಸ ನೋಡಿ ನೆಲದ ಮೇಲೆ ಕೂತು ನಕ್ಕಳು. ಒಂದೇ ಸಾಕಿತ್ತಂತೆ, ಅದರ ಮೇಲೆ ಫೋಲ್ಡರೇ ಇಲ್ಲವಂತೆ.

“ಮತ್ತೆ ಹತ್ತಕ್ಕೂ ಹೆಂಗೆ ಬಂತಮ್ಮಾ?”

“ಬೆಟ್ಟದ ತುದೀಲಿ ನಿಂತೋನಿಗೆ ಇನ್ನೂ ಒಂಬತ್ತು ಮೆಟ್ಲು ಹತ್ತು ಅಂದ್ರೆ ಎಲ್ಲಿಗೆ ಹತ್ತಾನೆ ಮಾವ? ಅಲ್ಲೇ ನಿಂತ್ಕೊತಾನೆ. ಬ್ರೌಸರೂ ಅಷ್ಟೇ.”

ಅಂದರೆ ನಾನು ಬರೆದದ್ದು ಪುಟವನ್ನು ಯಾವ ಫೋಲ್ಡರಿನಲ್ಲಿಟ್ಟರೂ ತಪ್ಪುವುದಿಲ್ಲ! ಅವಳದ್ದು ತಪ್ಪುತ್ತದೆ. ಇದನ್ನು ಹೇಳಿದೆ. ದಿಂಬು ಎಸೆದಳು.

ಸಂಜೆ 4.10

ಮೇಡಂ ಫೋನ್! ಗೊಂಬೆ ಬಹಳ ಹಿಡಿಸಿದವಂತೆ. ಕಣ್ಣಾರೆ ನೋಡಿ ಇವತ್ತೇ ಆರಿಸಬೇಕು ಅಂತ ಹೊರಟೇ ಬಿಟ್ಟಿದ್ದಾರೆ. ಪ್ರೇಮ ಸೀರೆ ಬದಲಾಯಿಸಲು ಓಡಿದಳು.

4.35

ಮತ್ತೆ ಮೇಡಂ ಫೋನ್. ಕಾರಿನಲ್ಲಿ ಇಪ್ಪತ್ತು ನಿಮಿಷದಿಂದ ಸುತ್ತುತ್ತಿದ್ದಾರೆ.

“ಬೀರಯ್ಯನವರೇ, ಅಲ್ಲಿಂದ ಎಡಕ್ಕೆ ಅಂತ ಬರೆದಿದ್ದೀರಲ್ಲ. ಎಲ್ಲಿಂದ?”

ಎಲ್ಲಿಂದ ಅಂದರೆ... ನಮ್ಮ ಹೋಟೆಲಿನ ಬಾಗಿಲಿಂದ. ದಿನಾ ನಾನು ಎದ್ದು ಬರುವುದು ಅಲ್ಲಿಂದಲೇ. ಹೋಟೆಲಿನ ಹೆಸರು ಮಾತ್ರ ಪುಟದಲ್ಲಿ ಬರೆದಿಲ್ಲ.

ಹರ್ಷಿತಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾಳೆ. ಬೆರಳಿನಿಂದ ಗಾಳಿಯಲ್ಲಿ ಎರಡು ಚುಕ್ಕಿ, ಒಂದು ಓರೆಗೆರೆ ಬರೆದಳು. ಬೈದಿದ್ದರೇ ವಾಸಿ ಇತ್ತು.

ಎಲ್ಲಿದ್ದೀರೋ ಅಲ್ಲೇ ನಿಂತಿರಿ ಮೇಡಂ, ನಾನೇ ಬಂದೆ ಅಂದೆ. ಈಗ ನನ್ನ ಚಪ್ಪಲಿ ಎಲ್ಲಿ —