ಬಿರುಗಾಳಿಯಲ್ಲಿ ಅವ್ವನ ಹಾಡು

ಅಪ್ಪಾ,

ನೀನು ತೀರಿಹೋದ ಮೇಲೆ ಇದನ್ನು ಓದುವವರು ಯಾರೂ ಇಲ್ಲ. ಆದರೂ ನಿನಗೇ ಹೇಳಬೇಕು ಅನ್ನಿಸಿತು.

ನಿನ್ನೆ ಸಂಜೆ ಪಾಂಡವಪುರದ ಹಳೇ ನಾಟಕಶಾಲೆಯಲ್ಲಿ ಮಕ್ಕಳ ಹಾಡುನಾಟಕವಿತ್ತು. ಬೇಸಿಗೆಯಲ್ಲಷ್ಟೇ ತೆರೆಯುವ, ರಾಜರ ಕಾಲದ ಆ ತಗಡಿನ ಸೂರು ನಿನಗೆ ಗೊತ್ತಲ್ಲ. ಕೋತಿ ಮತ್ತು ಮೊಸಳೆಯ ಕಥೆ. ನಿನ್ನ ಮೊಮ್ಮಗಳು ರಂಜಿತ ಕೋತಿಯಾಗಿದ್ದಳು. ಅವಳು ಮೊಸಳೆಯ ಬೆನ್ನೇರಿ ನಡುಹೊಳೆಗೆ ಬರುವಷ್ಟರಲ್ಲಿ ಬಿರುಗಾಳಿ ಎದ್ದು ಕರೆಂಟು ಹೋಯಿತು. ತಗಡೊಂದು ಕಿತ್ತುಕೊಂಡು ಹಾರಿ, ಮಳೆ ಒಳಗೇ ಸುರಿಯತೊಡಗಿತು.

"ಸೂರು ಬೀಳ್ತದೆ, ಓಡ್ರಲಾ!" ಎಂದು ಯಾರೋ ಕೂಗಿದರು.

ಇರುವುದು ಒಂದೇ ಬಾಗಿಲು. ಕತ್ತಲಲ್ಲಿ ಎಲ್ಲರೂ ಅತ್ತ ನುಗ್ಗಿದರು. ರಂಗದ ಮೇಲೆ ಮಕ್ಕಳು ಚೀರುತ್ತಿದ್ದರು. ನಾನು ರಂಜಿತಳನ್ನು ಕೂಗಿದೆ. ನನ್ನ ದನಿ ನನಗೇ ಕೇಳಲಿಲ್ಲ.

ಆಗ ಪಕ್ಕದಲ್ಲಿದ್ದ ಅವ್ವ ಎದ್ದು ನಿಂತು, ರಂಜಿತ ಮನೆಯಲ್ಲಿ ದಿನವೂ ಕಲಿಯುತ್ತಿದ್ದ ಕೋತಿಯ ಹಾಡನ್ನು ಎತ್ತಿಕೊಂಡಳು. ಗಾಳಿಯನ್ನೂ ಮೀರಿದ ದನಿ. ಮೊದಲು ರಂಜಿತ ದನಿಗೂಡಿಸಿದಳು, ಆಮೇಲೆ ಮೊಸಳೆ, ಆಮೇಲೆ ಮರಗಳಾಗಿದ್ದ ಪುಟಾಣಿಗಳೆಲ್ಲ.

"ಮಕ್ಳೇ ಎದರ್ದೆ ನಿಂತವೆ, ನೀವ್ಯಾಕ್ರಲಾ ನುಗ್ತೀರಾ?" ಎಂದು ಬಾಗಿಲ ಬಳಿ ಒಬ್ಬರು ಬೈದರು. ನೂಕಾಟ ಸಡಿಲಿತು. ಮಕ್ಕಳನ್ನು ಮುಂದೆ ಬಿಟ್ಟು ಎಲ್ಲರೂ ಹೊರಗೆ ಬಂದೆವು. ಯಾರಿಗೂ ಏನೂ ಆಗಲಿಲ್ಲ.

"ಇಷ್ಟು ದೊಡ್ಡ ದನಿ ಎಲ್ಲಿತ್ತವ್ವ?" ಎಂದು ಕೇಳಿದೆ.

ಅವ್ವ ಒದ್ದೆ ಸೆರಗು ಹಿಂಡುತ್ತಾ, "ಇತ್ತು ಕಣವ್ವ. ಬೀದಿಗೆ ಕೇಳ್ತದೆ ಅಂತ ನಿಮ್ಮಪ್ಪ ಕದ ಆಕ್ಬುಡೋರು" ಎಂದಳು. ಕೋಪದಿಂದ ಹೇಳಲಿಲ್ಲ, ಅಪ್ಪಾ.

ಮಳೆ ನಿಂತ ಮೇಲೆ ಜನ ಅವಳನ್ನು ಸುತ್ತುವರಿದು, "ಇನ್ನೊಂದ್ ಪದ ಆಡಿ ಬೆಟ್ಟಮ್ಮಾ" ಎಂದರು. ಅವ್ವ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು. ನೀನಿರಲಿಲ್ಲ. ಹಾಡಿದಳು.